ಮತ್ತೆ ನಡೀತಾನಾ?

ಯಾರಾದ್ರೂ ಮರದಿಂದಲೋ ಬೈಕಿನಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾಯ್ತು ಅಂದ್ರೆ ನಾವೆಲ್ಲ ಕೇಳೋ ಮೊದಲ ಪ್ರಶ್ನೆ ಇದು. ಎರಡನೇದು, ಆಪರೇಷನ್ನಿಗೆ ಎಷ್ಟಾಯ್ತು. ಅಲ್ಲಿಗೆ ವಿಚಾರಣೆ ಮುಗೀತು. ನನಗನ್ನಿಸೋದು, ಕೇಳಬೇಕಾದ್ದು ಬೇರೆಯೇ ಇದೆ: ಮೂತ್ರಕ್ಕೆ ಏನು ಮಾಡ್ತಾನೆ? ವೀಲ್‌ಚೇರು ಬಚ್ಚಲಿಗೆ ಹೋಗುತ್ತಾ? (ಕೇಳೋಕೆ ಮುಜುಗರ ಅಂತೀರಾ? ತೊಂದರೆ ಶುರುವಾಗೋದೇ ಅಲ್ಲಿ.)

ನಮ್ಮೂರಲ್ಲಿ ಒಬ್ಬ ಕೊನೆಗೌಡ ಅಡಿಕೆ ಮರದಿಂದ ಬಿದ್ದ. ಊರವರು ಚಂದಾ ಎತ್ತಿ ಆಪರೇಷನ್ ಮಾಡಿಸಿದರು. ಅವನು ಸತ್ತದ್ದು ಒಂದೂವರೆ ವರ್ಷದ ಮೇಲೆ, ಹಾಸಿಗೆ ಹುಣ್ಣಿನಿಂದ.

ಪೂರ್ತಿ ಹಾನಿಯಾದ ಬೆನ್ನುಹುರಿಯನ್ನು ಮೊದಲಿನಂತೆ ಮಾಡೋ ಚಿಕಿತ್ಸೆ ಇವತ್ತಿಗೂ ಇಲ್ಲ. ಆಪರೇಷನ್ನಿನಲ್ಲಿ ಮೂಳೆಗೆ ಸ್ಕ್ರೂ ಹಾಕಿ ಭದ್ರ ಮಾಡ್ತಾರೆ, ಹುರಿಯ ಮೇಲಿನ ಒತ್ತಡ ತೆಗೀತಾರೆ. ಬೇಕಾದ್ದೇ. ಆದ್ರೆ ಮನೆಗೆ ಬಂದ ಮೇಲೆ ಕಾಡೋದು ಚರ್ಮ ಮತ್ತು ಮೂತ್ರಕೋಶ. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವನಿಗೆ ಹುಣ್ಣಾದದ್ದು ಗೊತ್ತಾಗೋದು ವಾಸನೆ ಬಂದಾಗ! ಮಲಗಿದಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಕೂತಲ್ಲಿ ಆಗಾಗ ಕೈಯೂರಿ ಮೈ ಎತ್ತಬೇಕು, ದಿನಾ ಕನ್ನಡಿ ಹಿಡಿದು ಚರ್ಮ ನೋಡಬೇಕು. ಮೂತ್ರ ಒಳಗೇ ನಿಂತರೆ ಸೋಂಕು, ಆಮೇಲೆ ಕಿಡ್ನಿಗೆ ಕುತ್ತು. ನಾಲ್ಕಾರು ಗಂಟೆಗೊಮ್ಮೆ ಸಣ್ಣ ಕೊಳವೆಯಿಂದ ತಾನೇ ತೆಗೆದುಕೊಳ್ಳಬಹುದು; ಕೈ ಶುದ್ಧವಾಗಿ ತೊಳೆದು ಮನೆಯಲ್ಲೇ ಮಾಡಬಹುದು ಅಂತ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ 1972ರಲ್ಲೇ ತೋರಿಸಿಕೊಟ್ಟರು. ಇದನ್ನೆಲ್ಲ ರೋಗಿಗೂ ಮನೆಯವರಿಗೂ ಕೂರಿಸಿ ಕಲಿಸಬೇಕು, ಅದಕ್ಕೆ ವಾರಗಳೇ ಬೇಕು. ಡಿಸ್‌ಚಾರ್ಜ್ ಚೀಟಿಯಲ್ಲಿ 'ಫಿಸಿಯೋಥೆರಪಿ' ಅಂತ ಗೀಚಿದ್ರೆ ಆಗೋಲ್ಲ.

ಕಲಿಸೋದು ನಮ್ಮಲ್ಲಿ ಹೊಸದೂ ಅಲ್ಲ. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಕಾಲಿನ ಶಕ್ತಿ ಕಳಕೊಂಡರು. ವೀಲ್‌ಚೇರಿನಲ್ಲೇ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರವೇ ಶುರುವಾಯ್ತು.

ಇನ್ನು ಕೆಲಸ. ನಾವು ಕೋಡ್ ಬರೆಯೋರು ದಿನವಿಡೀ ಕೂತೇ ಇರ್ತೀವಿ, ಕಾಲು ಬೇಕಾಗೋದು ಕಾಫಿ ಮಷಿನ್‌ವರೆಗೆ ಹೋಗೋಕೆ! ಆಫೀಸಿನಲ್ಲಿ ಲಿಫ್ಟೂ ಇದೆ. ಆದ್ರೆ ಅಲ್ಲೀತನಕ ಬರೋದು ಹೇಗೆ? ನಿಯಮದ ಪ್ರಕಾರ ಒಂದಡಿ ಏರೋಕೆ ಹನ್ನೆರಡಡಿ ಉದ್ದದ ರ‍್ಯಾಂಪ್ ಬೇಕು. ನಮ್ಮ ಬಾಡಿಗೆ ಮನೆಗಳ ರ‍್ಯಾಂಪು ಸ್ಕೂಟರ್ ಹತ್ತಿಸೋಕೆ ಹಾಕಿದ್ದು, ವೀಲ್‌ಚೇರು ಹತ್ತಿದ್ರೆ ಹಿಂದಕ್ಕೆ ಮಗುಚುತ್ತೆ. ಬಾಗಿಲು 900 ಮಿಲಿಮೀಟರ್ ಅಗಲ ಇರಬೇಕು. ನಿಮ್ಮ ಮನೆ ಬಚ್ಚಲಿನದು ಎಷ್ಟಿದೆ, ಇವತ್ತೇ ಟೇಪ್ ಹಿಡಿದು ನೋಡಿ. ನಮ್ಮದು 650.