ಕಾತ್ಯಾಯನಿಯ ಪ್ರೀತಿಗೆ ವಿಮರ್ಶೆಯ ಮರೆ

ಪ್ರೀತಿಯ ಕಥೆಯನ್ನು ವಿಮರ್ಶಕರು ಕೆಡಿಸುತ್ತಾರೆ, ಮಕ್ಕಳು ಮೊದಲು ಖುಷಿಯಾಗಿ ಓದಿಕೊಳ್ಳಲಿ ಎಂದು ಒಳ್ಳೆಯ ಮೇಷ್ಟ್ರುಗಳೇ ಹೇಳುತ್ತಾರೆ. ಅವರ ಕಾಳಜಿ ದೊಡ್ಡದು. ಆದರೂ ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಹಾಸನ, ಹೊಳೆನರಸೀಪುರದಂಥ ಊರುಗಳ ಕ್ಲಾಸಿನಲ್ಲಿ ಪ್ರೀತಿಯ ಬಗ್ಗೆ ಬಾಯಿಬಿಡಲು ದಾರಿ ಮಾಡಿಕೊಡುವುದೇ ವಿಮರ್ಶೆ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನೇ ನೋಡಿ. 1965ರ ಕಾದಂಬರಿ. ನಂಜನಗೂಡಿನ ಶ್ರೋತ್ರಿಗಳ ಸೊಸೆ ಕಾತ್ಯಾಯನಿ, ಗಂಡ ಸತ್ತ ಮೇಲೆ ಮೈಸೂರಿಗೆ ಓದಲು ಹೋಗಿ ರಾಜ ಎಂಬಾತನನ್ನು ಪ್ರೀತಿಸುತ್ತಾಳೆ. ಮಗನನ್ನು ಮಾವನ ಮನೆಯಲ್ಲೇ ಬಿಟ್ಟು ಅವನನ್ನು ಮದುವೆಯಾಗುತ್ತಾಳೆ. ‘ಅವಳು ಮಾಡಿದ್ದು ಸರಿಯಾ?’ ಎಂದು ಕೇಳಿದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು, ಹುಡುಗಿಯರ ಸಾಲಿನಲ್ಲಿ ತಲೆಗಳೆಲ್ಲ ಪುಸ್ತಕದೊಳಗೆ. ಆಚೆ ಸಾಲಿನಲ್ಲಿ ಚಿಕ್ಕಪ್ಪನ ಮಗ ಕೂತಿರುವಾಗ ಯಾವ ಹುಡುಗಿ ಉತ್ತರ ಕೊಟ್ಟಾಳು? ಅದನ್ನೇ ಬೇರೆ ರೀತಿ ಕೇಳಿ: ‘ಅವಳಿಗೆ ಮತ್ತೆ ಮತ್ತೆ ಗರ್ಭಪಾತವಾಗುವುದು ಕಾದಂಬರಿಕಾರರು ಕೊಟ್ಟ ಶಿಕ್ಷೆ ಎನ್ನುತ್ತಾರೆ ಕೆಲವರು. ಅವಳನ್ನು ಕೊರೆಯುವ ಅಪರಾಧಪ್ರಜ್ಞೆಯನ್ನು ತೋರಿಸಿದ್ದಾರೆ ಅಷ್ಟೆ ಎನ್ನುತ್ತಾರೆ ಇನ್ನು ಕೆಲವರು. ನೀವೇನಂತೀರಿ?’ ಈಗ ಹುಡುಗಿ ವಿಮರ್ಶಕರ ಜೊತೆ ಜಗಳಕ್ಕಿಳಿಯಬಹುದು. ತನ್ನ ಮನಸ್ಸಿನಲ್ಲಿದ್ದದ್ದನ್ನೂ ಆ ನೆಪದಲ್ಲಿ ಹೇಳಬಹುದು.

ಕಥೆಯನ್ನು ನಿಜವಾಗಿ ಒಣಗಿಸುವುದು ಗೈಡು. ‘ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ’ ಎಂದು ಬರೆದರೆ ಅಂಕ ಬಂತು, ಕಾತ್ಯಾಯನಿ ಹೋದಳು. ಭೈರಪ್ಪನವರ ಪರ–ವಿರೋಧದ ವಾಗ್ವಾದವೂ ಹಾಗೆಯೇ; 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಮೇಲೂ ಅದು ನಿಂತಿಲ್ಲ. ಎರಡು ಕಡೆಯವರೂ ತೀರ್ಪನ್ನು ಮನೆಯಿಂದಲೇ ಬರೆದು ತಂದಿರುತ್ತಾರೆ. ಕಾತ್ಯಾಯನಿ ಸೋತದ್ದು ಸಂಪ್ರದಾಯದ ಗೆಲುವು ಎನ್ನುವವರು ಶ್ರೋತ್ರಿಗಳಿಗೆ ತಮ್ಮದೇ ಹುಟ್ಟಿನ ಗುಟ್ಟು ತಿಳಿಯುವ ಭಾಗವನ್ನು ಇನ್ನೊಮ್ಮೆ ಓದಬೇಕು. ಯಾವ ವಂಶಕ್ಕಾಗಿ ಬದುಕನ್ನೇ ಸವೆಸಿದರೋ ಆ ವಂಶದ ರಕ್ತವೇ ತಮ್ಮದಲ್ಲವೆಂದು ಅವರಿಗೆ ಅಲ್ಲಿ ಗೊತ್ತಾಗುತ್ತದೆ.

ಅದೇ ಕಾದಂಬರಿಯ ನಾಗಲಕ್ಷ್ಮಿಯನ್ನಂತೂ ಕೇಳುವವರೇ ಇಲ್ಲ. ಅವಳ ಗಂಡ ಸದಾಶಿವರಾಯರು ಇತಿಹಾಸದ ವಿದ್ವಾಂಸರು. ಸಿಂಹಳದಿಂದ ಸಂಶೋಧನೆಗೆ ಬಂದ ಕರುಣರತ್ನೆಯನ್ನು, ಹೆಂಡತಿ ಇರುವಾಗಲೇ, ಮದುವೆಯಾಗುತ್ತಾರೆ. ಅದು ವಿದ್ವತ್ತಿನಲ್ಲಿ ಹುಟ್ಟಿದ ಪ್ರೀತಿ, ಸುಳ್ಳಲ್ಲ. ನಾಗಲಕ್ಷ್ಮಿ ಮಾತ್ರ ಮನೆಯಲ್ಲಿ ಕೂತು ರಾಮನಾಮ ಬರೆಯುತ್ತಾಳೆ. ವಿಧವೆಯ ಮದುವೆಗೆ ಅಷ್ಟು ಚರ್ಚೆ ಮಾಡುವ ನಾವು ಪಂಡಿತನ ಎರಡನೇ ಮದುವೆಯನ್ನು ಸರಾಗವಾಗಿ ದಾಟಿ ಹೋಗುತ್ತೇವೆ. ಬರೀ ಖುಷಿಗೆ ಓದಿದರೆ ಈ ಅಸಮತೆ ಕಣ್ಣಿಗೆ ಬೀಳುವುದು ಕಷ್ಟ.

ಇಂಥ ಚರ್ಚೆ ಕಾಲೇಜಿಗೆ ಹೇಳಿಸಿದ್ದಲ್ಲ ಎನ್ನುವ ಹಿರಿಯರಿಗೂ ಒಂದು ಮಾತು. ಕಾದಂಬರಿಕಾರ ಅ.ನ.ಕೃ. ಹೆಸರಿನ ಮೊದಲಕ್ಷರದಲ್ಲಿರುವುದು ನಮ್ಮ ಅರಕಲಗೂಡೇ. ‘ನಗ್ನಸತ್ಯ’ ಬರೆದು ಅಶ್ಲೀಲದ ಆರೋಪ ಹೊತ್ತ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಈ ಜಗಳ ನಮ್ಮ ಸೀಮೆಗೆ ಹೊಸದೇನಲ್ಲ.

ಮೇಷ್ಟ್ರುಗಳಲ್ಲಿ ವಿನಂತಿ ಇಷ್ಟೆ: ಈ ಸಲ ಪಾಠ ಮಾಡುವಾಗ ಗೈಡನ್ನು ಬದಿಗಿಟ್ಟು, ಒಪ್ಪದ ಇಬ್ಬರು ವಿಮರ್ಶಕರನ್ನು ಕ್ಲಾಸಿಗೆ ತನ್ನಿ. ಮೊದಲ ಪ್ರಶ್ನೆ ನಾಗಲಕ್ಷ್ಮಿಯದಾಗಲಿ.