ಕಂಕನಾಡಿಗೆ ಬಂದವರು ಯಾರ ಮಾತು ಕೇಳುತ್ತಾರೆ?

ಕಂಕನಾಡಿಯಲ್ಲಿ ಬಸ್ಸಿಗೆ ಕಾಯುವವರಿಗೆ ಪಾದ್ರಿಗಳೂ ಭಗಿನಿಯರೂ ಹೊಸಬರಲ್ಲ. ಆಸ್ಪತ್ರೆ, ಶಾಲೆ, ಇಗರ್ಜಿ ಎಲ್ಲ ಹತ್ತಿರ ಹತ್ತಿರವೇ ಉಂಟು. ಕಂಕನಾಡಿ–ಜೆಪ್ಪು ಭಾಗದ ಫಾತಿಮಾ ರಿಟ್ರೀಟ್ ಹೌಸಿನಂಥ ಧ್ಯಾನದ ಮನೆಗಳೂ ಇವೆ. ಇಂಥ ಕಡೆ ನಾಲ್ಕಾರು ದೇಶಗಳ ಕೆಥೊಲಿಕ್ ಸೇವಾ ತಂಡವೊಂದು ಸೇರಿತೆಂದರೆ ಅಂಗಡಿ ಕಟ್ಟೆಯಲ್ಲಿ ಏಳುವ ಪ್ರಶ್ನೆ ಒಂದೇ: "ಪ್ರಾರ್ಥನೆ ಸರಿ, ಯೋಜನೆ ಎಂಥದ್ದು ಮಾರಾಯ್ರೆ?"

ಪ್ರಶ್ನೆ ತಪ್ಪಲ್ಲ. ಇಂದಿನ ಕಂಕನಾಡಿಯ ಅರ್ಧ ಕಥೆ ಶುರುವಾದದ್ದೇ ಇಂಥ ತಂಡವೊಂದರಿಂದ. ಮಂಗಳೂರಿನ ಕೆಥೊಲಿಕರು ತಮ್ಮ ಊರಿಗೆ ಜೆಸ್ವಿತ್ ಪಾದ್ರಿಗಳು ಬೇಕೆಂದು ರೋಮಿಗೆ ಬರೆದು ಕೇಳಿಕೊಂಡರು. 1878ರ ಡಿಸೆಂಬರ್ 31ರಂದು ಮೊದಲ ತಂಡ ಇಲ್ಲಿಗೆ ಬಂದಿಳಿಯಿತು. ಎರಡು ವರ್ಷದೊಳಗೆ ಸಂತ ಎಲೋಶಿಯಸ್ ಕಾಲೇಜು ಎದ್ದಿತು.

ಆ ತಂಡದಲ್ಲಿದ್ದ ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧ ಕೊಡತೊಡಗಿದರು. ಕಂಕನಾಡಿಯ ಆಲದ ಮರದಡಿಯ ಆ ಔಷಧದ ಪೆಟ್ಟಿಗೆಯ ಕಥೆ ಊರಿಗೇ ಗೊತ್ತು. ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ 1890ರಲ್ಲಿ ಆಸರೆ ಸಿಕ್ಕಿತು, 1895ರಲ್ಲಿ ಆಸ್ಪತ್ರೆ ಬಂತು. 1999ರಲ್ಲಿ ಅದೇ ಸಂಸ್ಥೆಯ ಮೆಡಿಕಲ್ ಕಾಲೇಜೂ ಆಯಿತು.

ಇನ್ನೊಬ್ಬರು ಫಾದರ್ ಮಾಫೆಯಿ. ಪರದೇಶದಿಂದ ಬಂದ ಈ ಜೆಸ್ವಿತ್ ಪಾದ್ರಿ ಕೊಂಕಣಿ ಕಲಿತು 1882ರಲ್ಲಿ ವ್ಯಾಕರಣವನ್ನು, 1883ರಲ್ಲಿ ನಿಘಂಟನ್ನು ಹೊರತಂದರು. ವ್ಯಾಕರಣ ಅಚ್ಚಾದದ್ದು ಪ್ರಾಟೆಸ್ಟಂಟರ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ! ಮುಲ್ಲರ್ ನೋಡಿದ್ದು ಊರಿನ ಕಾಯಿಲೆ, ಮಾಫೆಯಿ ಕೇಳಿದ್ದು ಊರಿನ ಮಾತು. ಆದ್ದರಿಂದಲೇ ಅವರ ಕೆಲಸ ಉಳಿಯಿತು.

ಈಗಿನ ಸಭೆಗಳ ರೀತಿ ಬೇರೆ. ರೋಮಿನಲ್ಲಿ 2023 ಮತ್ತು 2024ರ ಅಕ್ಟೋಬರಿನಲ್ಲಿ ನಡೆದ ಸಿನೊಡ್ ಸಭೆಯಲ್ಲಿ ಬಿಷಪರೂ ಸಾಮಾನ್ಯ ಭಕ್ತರೂ ಒಂದೇ ದುಂಡು ಮೇಜಿಗೆ ಕೂತರು. ಮಹಿಳೆಯರಿಗೆ ಮೊದಲ ಬಾರಿ ಮತದ ಹಕ್ಕು ಸಿಕ್ಕಿತು. ಒಬ್ಬೊಬ್ಬರಾಗಿ ಮಾತಾಡುವುದು, ನಡುವೆ ಮೌನ, ಪ್ರಾರ್ಥನೆ, ಕೇಳಿದ್ದರಲ್ಲಿ ಮನಸ್ಸಿಗೆ ತಟ್ಟಿದ್ದನ್ನು ಹೇಳುವುದು, ಆಮೇಲೆ ತೀರ್ಮಾನ. ಹೊರಗಿನವರಿಗೆ ಇದು ನಿಧಾನದ ಕೆಲಸವಾಗಿ ಕಾಣಬಹುದು. ಆದರೆ ದೊಡ್ಡ ಗಂಟಲಿನವನೇ ಗೆಲ್ಲುವ ಸಭೆಗಿಂತ ಇದು ವಾಸಿ.

ಪ್ರಾರ್ಥನೆ ಮುಗಿದ ಮೇಲೆ ಲೆಕ್ಕದ ಪುಸ್ತಕ ತೆರೆಯಲೇಬೇಕು. 2020ರಲ್ಲಿ ವಿದೇಶಿ ದೇಣಿಗೆ ಕಾನೂನಿಗೆ ತಿದ್ದುಪಡಿಯಾಯಿತು. ಅದರಂತೆ ಹೊರದೇಶದ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೂರು ರೂಪಾಯಿಯಲ್ಲಿ ಆಡಳಿತ ಖರ್ಚಿಗೆ 20 ಮಾತ್ರ, ಮೊದಲು 50 ಇತ್ತು. ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ದೊಡ್ಡ ಸಂಸ್ಥೆಯ ಕೈ ನೋಡಿಕೊಂಡಿದ್ದ ಹಳ್ಳಿಯ ಸಣ್ಣ ಸೇವಾಕೇಂದ್ರಕ್ಕೆ ಪೆಟ್ಟು ಬಿದ್ದದ್ದು ಇಲ್ಲೇ. ಇದನ್ನು ಬಲ್ಲ ಊರಿನವರನ್ನು ಹೊರಗಿಟ್ಟು ಬರೆದ ಯೋಜನೆ ಕಾಗದದಲ್ಲೇ ಉಳಿದೀತು.

ಇನ್ನೂ ಒಂದು ಮಾತುಂಟು. ಅಂದು ಯುರೋಪಿನವರು ಇಲ್ಲಿಗೆ ಬಂದರು. ಇಂದು ಕರಾವಳಿಯ ಪಾದ್ರಿಗಳು, ಭಗಿನಿಯರು ಯುರೋಪಿಗೂ ಆಫ್ರಿಕಕ್ಕೂ ಹೋಗಿ ದುಡಿಯುತ್ತಿದ್ದಾರೆ. ಹಾಗಾಗಿ ಅಂತರರಾಷ್ಟ್ರೀಯ ತಂಡ ಎಂದರೆ ಈಗ ಕೊಡುವ ಕೈ, ಬೇಡುವ ಕೈ ಎಂಬ ಲೆಕ್ಕವಲ್ಲ. ಮೇಜಿನ ಎರಡೂ ಬದಿಯಲ್ಲಿ ನಮ್ಮವರೇ ಇರಬಹುದು. ನಮ್ಮವರೇ ಇದ್ದರೆ ಊರಿನ ಮಾತು ತಾನಾಗಿ ಕೇಳುತ್ತದೆಂದು ತಿಳಿಯಬೇಕಾಗಿಲ್ಲ.

ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ನಿಂತ ನರ್ಸು, ರೋಗಿಯ ಜತೆ ಬಂದು ಊಟಕ್ಕೆ ಹೋಟೆಲು ಹುಡುಕುವ ಹಳ್ಳಿಯವ, ಮಕ್ಕಳೆಲ್ಲ ಪರದೇಶ ಸೇರಿ ಒಂಟಿಯಾದ ಬಾಯಿ, ಇವರನ್ನು ಒಮ್ಮೆ ಕೇಳಬೇಕು. ಇವರು ಯಾವ ಜಾತಿ, ಯಾವ ಧರ್ಮ ಎಂದು ಆಲದ ಮರದಡಿ ಯಾರೂ ಕೇಳಿರಲಿಲ್ಲ. ಬಾಗಿಲು ಹಾಕಿ ಪ್ರಾರ್ಥಿಸಲಿ, ಅದು ಅವರ ಹಕ್ಕು. ಯೋಜನೆ ಬರೆಯುವ ಹೊತ್ತಿಗಾದರೂ ಬಾಗಿಲು ತೆರೆದಿರಲಿ.