ಉರಿಯದ ಫರ್ನೇಸು, ನಡುಗುವ ಮನೆ

ಫರ್ನೇಸ್ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಕಮ್ಮಾರನ ಕುಲುಮೆ, ಇಲ್ಲವೇ ಭದ್ರಾವತಿ ಕಾರ್ಖಾನೆಯ ಊದುಕುಲುಮೆ. ಅಮೆರಿಕ, ಕೆನಡಾಗಳ ಚಳಿ ಪ್ರದೇಶಗಳಲ್ಲಿ ಅದರ ಅರ್ಥವೇ ಬೇರೆ. ನೆಲಮಾಳಿಗೆಯಲ್ಲೋ ಮೂಲೆಯ ಪುಟ್ಟ ಕೋಣೆಯಲ್ಲೋ ನಿಂತಿರುವ, ಬೀರುವಿನಂಥ ತಗಡಿನ ಪೆಟ್ಟಿಗೆ ಅದು. ಅನಿಲ ಉರಿಸಿ, ಗಾಳಿಯನ್ನು ಬಿಸಿ ಮಾಡಿ, ಕೊಳವೆಗಳ ಮೂಲಕ ಕೋಣೆ ಕೋಣೆಗೂ ಕಳಿಸುವುದು ಅದರ ಕೆಲಸ. 2019ರ ಜನವರಿ 30ರಂದು ಷಿಕಾಗೊ ನಗರದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಅಂಥ ರಾತ್ರಿ ಈ ಪೆಟ್ಟಿಗೆ ಸುಮ್ಮನಾದರೆ ಮನೆ ಬೇಗ ತಣ್ಣಗಾಗುತ್ತದೆ. ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುವುದೂ ಉಂಟು. ಓದಲು ಹೋದ ಮಗಳು 'ಅಮ್ಮಾ, ಮನೆ ಬಿಸಿಯಾಗುತ್ತಿಲ್ಲ' ಎಂದು ಫೋನ್ ಮಾಡಿದರೆ ಇಲ್ಲಿರುವವರು ಹೇಳಬೇಕಾದದ್ದು ಏನು?

ಮೊದಲು ತಿಳಿಯಬೇಕಾದ ಸಂಗತಿ: ಫರ್ನೇಸು ಎಷ್ಟೋ ಸಲ ಕೆಟ್ಟಿರುವುದಿಲ್ಲ, ಅನುಮಾನ ಬಂದು ತಾನೇ ಉರಿಯನ್ನು ತಡೆದುಕೊಂಡಿರುತ್ತದೆ.

ಗೋಡೆಯ ಮೇಲಿನ ಥರ್ಮೋಸ್ಟಾಟ್ 'ಚಳಿಯಾಗಿದೆ' ಎಂದು ಸಂಕೇತ ಕಳಿಸಿದೊಡನೆ ಅನಿಲ ಹರಿಯುವುದಿಲ್ಲ. ಈಗಿನ ಫರ್ನೇಸುಗಳಲ್ಲಿ ಮೊದಲು ಒಂದು ಸಣ್ಣ ಫ್ಯಾನ್ ತಿರುಗಿ, ಒಳಗೆ ಉಳಿದ ಹೊಗೆಯನ್ನು ಹೊರಕ್ಕೆಳೆಯುತ್ತದೆ. ಹೊಗೆದಾರಿ ತೆರೆದಿದೆಯೇ ಎಂಬುದನ್ನು ಒತ್ತಡದ ಸ್ವಿಚ್ ಪರೀಕ್ಷಿಸುತ್ತದೆ. ಬಳಿಕ ಹೊತ್ತಿಸುವ ಸಾಧನ ಕೆಂಪಗೆ ಕಾಯುತ್ತದೆ. ಆಗಷ್ಟೇ ಅನಿಲದ ಕವಾಟ ತೆರೆಯುತ್ತದೆ. ಜ್ವಾಲೆ ನಿಜಕ್ಕೂ ಹೊತ್ತಿತೇ ಎಂದು ನೋಡಲು ಒಂದು ಲೋಹದ ಕಡ್ಡಿ ಇದೆ. ಜ್ವಾಲೆಯಲ್ಲಿ ಅಯಾನುಗಳಿರುವುದರಿಂದ ಅದರ ಮೂಲಕ ಕೆಲವೇ ಮೈಕ್ರೋಆಂಪಿಯರ್‌ಗಳಷ್ಟು ವಿದ್ಯುತ್ ಹರಿಯುತ್ತದೆ. ಆ ಪ್ರವಾಹ ಕಾಣದಿದ್ದರೆ ಕೆಲವು ಸೆಕೆಂಡುಗಳಲ್ಲೇ ಅನಿಲ ಬಂದ್. ಕಡ್ಡಿಯ ಮೇಲೆ ಕಿಲುಬಿನ ಪದರ ಕೂತಿದ್ದರೂ ಹೀಗಾಗುತ್ತದೆ. ಉರಿ ಹೊತ್ತಿ ಕ್ಷಣದಲ್ಲೇ ಆರುತ್ತಿದ್ದರೆ ಇದೇ ಕಾರಣವಿರಬಹುದು. ಎಲ್ಲ ಸರಿಯಿದ್ದರೆ ಮಾತ್ರ ದೊಡ್ಡ ಫ್ಯಾನ್ ತಿರುಗಿ ಬಿಸಿಗಾಳಿ ಬರುತ್ತದೆ.

ಈ ಸರಪಳಿಯಲ್ಲಿ ಮನೆಯಲ್ಲಿರುವವರೇ ನೋಡಬಹುದಾದ ಕೊಂಡಿಗಳು ಹಲವಿವೆ. ಥರ್ಮೋಸ್ಟಾಟ್ 'ಹೀಟ್'ನಲ್ಲಿರಬೇಕು, ಅದರಲ್ಲಿಟ್ಟ ಅಂಕಿ ಕೋಣೆಯ ಉಷ್ಣತೆಗಿಂತ ಹೆಚ್ಚಿರಬೇಕು. ಬ್ಯಾಟರಿ ಮುಗಿದಿರುವುದೂ ಸಾಮಾನ್ಯ. ಫ್ಯಾನ್ 'ಆನ್'ನಲ್ಲಿದ್ದರೆ ಉರಿ ಇಲ್ಲದಾಗಲೂ ಗಾಳಿ ಬೀಸುತ್ತದೆ, ಅದು ತಣ್ಣಗಿರುತ್ತದೆ, 'ಆಟೋ'ದಲ್ಲಿಡುವುದೇ ಸರಿ. ಫರ್ನೇಸಿನ ಹತ್ತಿರ ದೀಪದ ಸ್ವಿಚ್ಚಿನಂತೆಯೇ ಕಾಣುವ ಒಂದು ಸ್ವಿಚ್ ಇರುತ್ತದೆ. ಯಾರೋ ದೀಪದ್ದೆಂದು ತಿಳಿದು ಆರಿಸಿರಬಹುದು. ಸರ್ಕ್ಯೂಟ್ ಬ್ರೇಕರ್ ಬಿದ್ದಿದೆಯೇ, ಪೆಟ್ಟಿಗೆಯ ಬಾಗಿಲು ಸರಿಯಾಗಿ ಕೂತಿದೆಯೇ ಎಂದೂ ನೋಡಬೇಕು. ಬಾಗಿಲು ಸ್ವಲ್ಪ ಸಡಿಲವಾದರೂ ಅದರ ಹಿಂದಿನ ರಕ್ಷಣಾ ಸ್ವಿಚ್ ವಿದ್ಯುತ್ತನ್ನು ತಡೆಯುತ್ತದೆ.

ಅನಂತರದ್ದು ಗಾಳಿಯ ಫಿಲ್ಟರ್. ಅದು ಧೂಳಿನಿಂದ ಕಟ್ಟಿಕೊಂಡರೆ ಬಿಸಿ ಒಳಗೇ ಉಳಿದು, ಮಿತಿಮೀರಿದಾಗ ಇನ್ನೊಂದು ಸ್ವಿಚ್ ಉರಿಯನ್ನು ಆರಿಸುತ್ತದೆ. ವಿದ್ಯುತ್ ಆರಿಸಿ ಹೊಸ ಫಿಲ್ಟರ್ ಹಾಕಿದರೆ ಸಾಕಾಗಬಹುದು. ಮನೆಯ ಹೊರಗೆ ಹೋಗಿ ಹೊಗೆಕೊಳವೆಯ ಬಾಯಿಗೆ ಹಿಮ ತುಂಬಿದೆಯೇ ಎಂದು ನೋಡುವುದೂ ಅಷ್ಟೇ ಮುಖ್ಯ. ಅಡುಗೆಯ ಒಲೆಯೂ ಅನಿಲದ್ದಾಗಿದ್ದು ಅದು ಹೊತ್ತಿದರೆ ಮನೆಗೆ ಅನಿಲ ಬರುತ್ತಿದೆ ಎಂದರ್ಥ. ಪೆಟ್ಟಿಗೆಯೊಳಗೆ ಮಿನುಗುವ ಸಣ್ಣ ದೀಪವನ್ನು ಗಮನಿಸಬೇಕು. ಅದು ಎಷ್ಟು ಸಲ ಮಿನುಗಿದರೆ ಯಾವ ದೋಷ ಎಂಬ ಪಟ್ಟಿ ಸಾಮಾನ್ಯವಾಗಿ ಬಾಗಿಲಿನ ಒಳಬದಿಯಲ್ಲೇ ಅಂಟಿಸಿರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ರಿಪೇರಿಯವನ ಅರ್ಧ ಕೆಲಸ ಮುಗಿದಂತೆ.

ಇಲ್ಲಿಗೆ ಮನೆಯವರ ಕೆಲಸ ಮುಗಿಯಿತು. ಕವಾಟ, ಬರ್ನರ್, ಅನಿಲದ ಕೊಳವೆಗಳಿಗೆ ಕೈ ಹಾಕಬಾರದು. ರಕ್ಷಣಾ ಸ್ವಿಚ್ಚುಗಳನ್ನು ತಪ್ಪಿಸಿ ನೇರ ತಂತಿ ಜೋಡಿಸುವುದು, ಉರಿಯದ ಫರ್ನೇಸನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸುವುದು ಎರಡೂ ಅಪಾಯ.

ಅನಿಲದ ವಾಸನೆ ಬಂದರಂತೂ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು, ಹೊರಗಿನಿಂದಲೇ ತುರ್ತು ಸಂಖ್ಯೆಗೆ ಫೋನ್ ಮಾಡಬೇಕು. ಈ ವಾಸನೆಯ ಹಿಂದೆ ಒಂದು ದುಃಖದ ಕಥೆಯಿದೆ. ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. 1937ರ ಮಾರ್ಚ್ 18ರಂದು ಟೆಕ್ಸಾಸ್‌ನ ನ್ಯೂ ಲಂಡನ್ ಎಂಬಲ್ಲಿನ ಶಾಲೆಯಲ್ಲಿ ಯಾರಿಗೂ ತಿಳಿಯದೆ ಸೋರಿದ ಅನಿಲ ಸ್ಫೋಟಿಸಿ ಸುಮಾರು 300 ಮಕ್ಕಳು, ಶಿಕ್ಷಕರು ಸತ್ತರು. ಆ ಬಳಿಕವೇ ಅಲ್ಲಿ ಅನಿಲಕ್ಕೆ ದುರ್ವಾಸನೆ ಬೆರೆಸುವುದು ಕಡ್ಡಾಯವಾಯಿತು. ನಮ್ಮ ಅಡುಗೆಮನೆಯ ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವುದೂ ಹೀಗೆ ಬೆರೆಸಿದ ವಾಸನೆಯೇ.

ಚಳಿ ತಡೆಯಲಾರದೆ ಅನಿಲದ ಓವನ್ನಿನ ಬಾಗಿಲು ತೆರೆದಿಡುವುದು, ಕೋಣೆಯೊಳಗೆ ಇದ್ದಿಲು ಉರಿಸುವುದು ಇನ್ನೂ ದೊಡ್ಡ ತಪ್ಪು. ಉಸಿರಾಡುವ ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಆಮೇಲೆ ಏಳಲಾಗದ ನಿದ್ದೆ. ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿದ ಬಚ್ಚಲಮನೆಯ ಗ್ಯಾಸ್ ಗೀಸರ್ ಜೀವ ತೆಗೆದದ್ದೂ ಈ ಅನಿಲದಿಂದಲೇ.

ಬಾಡಿಗೆ ಮನೆಯಲ್ಲಿರುವ ವಿದ್ಯಾರ್ಥಿಗಳು ಸಂಕೋಚದಿಂದ ಚಳಿ ಸಹಿಸಬೇಕಾಗಿಲ್ಲ. ಷಿಕಾಗೊದಲ್ಲಿ, ಬಾಡಿಗೆದಾರನ ಕೈಯಲ್ಲಿ ಬಿಸಿಯ ನಿಯಂತ್ರಣವಿಲ್ಲದ ಮನೆಗಳಲ್ಲಿ, ಚಳಿಗಾಲದ ಹಗಲು ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್, ಇರುವಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ ಎಂದು ನಗರದ ಕಾನೂನೇ ಹೇಳುತ್ತದೆ.

ಮಕ್ಕಳ ಪೆಟ್ಟಿಗೆಗೆ ಸ್ವೆಟರು, ಚಟ್ನಿಪುಡಿ ತುಂಬುವ ತಂದೆತಾಯಿಯರು ಮೂರು ಪ್ರಶ್ನೆಗಳನ್ನೂ ಕೇಳಿಟ್ಟುಕೊಳ್ಳಬೇಕು: ಫರ್ನೇಸಿನ ಸ್ವಿಚ್ ಎಲ್ಲಿದೆ? ಮನೆಯ ಮಾಲೀಕನ ಫೋನ್ ಸಂಖ್ಯೆ ಏನು? ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ? ಮೂರಕ್ಕೂ ಉತ್ತರ ಚಳಿಗಾಲಕ್ಕೆ ಮೊದಲೇ ಸಿಗಬೇಕು.